ವಿಂಡೋಸ್ 11ಕ್ಕೆ ಹೋದಮೇಲೆ ಡೆಸ್ಕ್‌ಟಾಪ್ ಖಾಲಿಯಾಗಿದೆಯೇ? ಏನನ್ನೂ ಅಳಿಸುವ ಮುನ್ನ ಹೀಗೆ ಹುಡುಕಿ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅಲ್ಲಿಂದೀಚೆಗೆ ವಿಂಡೋಸ್ 11ಕ್ಕೆ ಹೋದ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅಪ್‌ಗ್ರೇಡ್ ಮುಗಿಯಿತು, ಲಾಗಿನ್ ಆಯಿತು, ಆದರೆ ಡೆಸ್ಕ್‌ಟಾಪ್ ಮೇಲಿದ್ದ ಫೈಲ್‌ಗಳಿಲ್ಲ, ವಾಲ್‌ಪೇಪರ್ ಇಲ್ಲ, ಟಾಸ್ಕ್‌ಬಾರ್ ಬೇರೆ ಥರ ಇದೆ, ಕನ್ನಡ ಟೈಪ್ ಆಗುತ್ತಿಲ್ಲ. ಎಲ್ಲ ಹೋಯಿತೇ?

ಬಹುಪಾಲು ಹೋಗಿರುವುದಿಲ್ಲ. ವಿಂಡೋಸ್ ಈಗ ಬೇರೆ ಯಾವುದೋ ಫೋಲ್ಡರನ್ನು ನಿಮ್ಮ ಡೆಸ್ಕ್‌ಟಾಪ್ ಎಂದು ತೋರಿಸುತ್ತಿರುತ್ತದೆ. ನಿಮ್ಮದು ಅದೇ ಡಿಸ್ಕಿನಲ್ಲಿ, ಪಕ್ಕದ ಫೋಲ್ಡರಿನಲ್ಲಿ ಹಾಗೇ ಇರುತ್ತದೆ. ನಿಜವಾದ ನಷ್ಟ ಆಗುವುದು ಆಮೇಲೆ. ಗಾಬರಿಯಲ್ಲಿ ಡಿಸ್ಕ್ ಕ್ಲೀನಪ್ ಓಡಿಸುತ್ತಾರೆ, ಒನ್‌ಡ್ರೈವ್‌ನಲ್ಲಿ (ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹ) ಇರುವುದು ಡೂಪ್ಲಿಕೇಟ್ ಎಂದುಕೊಂಡು ಅಳಿಸುತ್ತಾರೆ, ಇಲ್ಲವೇ ಫಾರ್ಮ್ಯಾಟ್ ಮಾಡಿಸಿಬಿಡುತ್ತಾರೆ. ಹಾಗಾಗಿ ಈ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಕ್ರಮ: ಮೊದಲು ಯಾವ ಫೋಲ್ಡರಿನಲ್ಲಿ ನಿಂತಿದ್ದೀರಿ ಎಂದು ಖಚಿತಪಡಿಸಿಕೊಳ್ಳಿ, ಆಮೇಲೆ ಕೈ ಹಾಕಿ.

ಶುರು ಮಾಡುವ ಮುನ್ನ ಬೇಕಾದದ್ದು

ಅಕೌಂಟಿನ ಪಾಸ್‌ವರ್ಡ್ ನೆನಪಿರಬೇಕು. ದಿನಾ ಹಾಕುವ ನಾಲ್ಕಂಕಿಯ ಪಿನ್ ಸಾಲದು. ಪ್ರೊಫೈಲ್, ಅಂದರೆ ನಿಮ್ಮ ಫೈಲ್ ಮತ್ತು ಸೆಟ್ಟಿಂಗ್‌ಗಳ ಗಂಟು, ಕೆಟ್ಟಾಗ ಪಿನ್ ಕೆಲಸ ಮಾಡದೆ ಹೋಗಬಹುದು. ಅಡ್ಮಿನಿಸ್ಟ್ರೇಟರ್ ಅಧಿಕಾರ ಇರುವ ಅಕೌಂಟ್ ಬೇಕು. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ, ಐಟಿ ವಿಭಾಗಕ್ಕೆ ತಿಳಿಸಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಹಿಡಿಯುವಷ್ಟು ಜಾಗವಿರುವ ಎಕ್ಸ್‌ಟರ್ನಲ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಇಟ್ಟುಕೊಳ್ಳಿ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿದೆಯೇ ಎಂದು ಸೆಟ್ಟಿಂಗ್ಸ್ → ಪ್ರೈವಸಿ ಅಂಡ್ ಸೆಕ್ಯೂರಿಟಿ → ಡಿವೈಸ್ ಎನ್‌ಕ್ರಿಪ್ಷನ್‌ನಲ್ಲಿ ನೋಡಿ. ಆನ್ ಆಗಿದ್ದರೆ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀಯನ್ನು ಈಗಲೇ ಬರೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಮುಂದೆ ಸೇಫ್ ಮೋಡ್‌ಗೋ ಹಳೆಯ ಆವೃತ್ತಿಗೋ ಹೋಗುವಾಗ ಕಂಪ್ಯೂಟರ್ ಈ ಕೀ ಕೇಳಬಹುದು. ಆಗ ಕೈಯಲ್ಲಿ ಇಲ್ಲದಿದ್ದರೆ ಇಡೀ ಡಿಸ್ಕೇ ಬೀಗ ಹಾಕಿಕೊಂಡಂತೆ.

ಅಪ್‌ಗ್ರೇಡ್ ಆದ ದಿನಾಂಕವನ್ನೂ ಬರೆದುಕೊಳ್ಳಿ. ಹಳೆಯ ವಿಂಡೋಸ್‌ನ ಒಂದು ಪ್ರತಿಯು ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿನಲ್ಲಿ ಇರುತ್ತದೆ. ಮಾಮೂಲಿ ಲೆಕ್ಕದಲ್ಲಿ 10 ದಿನ ಕಳೆದರೆ ವಿಂಡೋಸ್ ತಾನಾಗಿಯೇ ಅದನ್ನು ತೆಗೆಯುತ್ತದೆ.

ಸಮಸ್ಯೆ ಬಗೆಹರಿಯುವ ತನಕ ಮೂರು ಕೆಲಸ ಮಾಡಲೇಬೇಡಿ:

- ಡಿಸ್ಕ್ ಕ್ಲೀನಪ್‌ನಲ್ಲಾಗಲಿ, ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಾಗಲಿ 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್' ಎಂಬುದಕ್ಕೆ ಟಿಕ್ ಹಾಕಬೇಡಿ. ಅದೇ ನಿಮ್ಮ ವಿಂಡೋಸ್ ಡಾಟ್ ಓಲ್ಡ್.
- ಹಂತ 2ರ ಪರೀಕ್ಷೆಯ ಫೈಲ್ ಬಿಟ್ಟು, ಖಾಲಿ ಡೆಸ್ಕ್‌ಟಾಪ್ ಮೇಲೆ ಹೊಸ ಫೈಲ್ ಉಳಿಸಬೇಡಿ. ಕಾರಣ ಹಂತ 4ರಲ್ಲಿದೆ.
- 'ಪಿಸಿ ವೇಗ ಹೆಚ್ಚಿಸುವ' ಕ್ಲೀನರ್ ಸಾಫ್ಟ್‌ವೇರ್ ಹಾಕಿಕೊಳ್ಳಬೇಡಿ.

ಹಂತ 1: ಐದು ನಿಮಿಷದ ತಪಾಸಣೆ

ಖಾಲಿ ಡೆಸ್ಕ್‌ಟಾಪ್ ಮೇಲೆ ಈಗಾಗಲೇ ಏನಾದರೂ ಉಳಿಸಿದ್ದರೆ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಮೊದಲು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಅದೇ ಕೆಲಸ ಆಗುವುದಿಲ್ಲ. ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಸೌಲಭ್ಯ ಆನ್ ಇದ್ದರೆ ಶಟ್‌ಡೌನ್ ಸಮಯದಲ್ಲಿ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ಎಲ್ಲವೂ ಹೊಸದಾಗಿ ಲೋಡ್ ಆಗುವುದು ರೀಸ್ಟಾರ್ಟ್‌ನಲ್ಲಿ ಮಾತ್ರ. ಮೂರು ನಾಲ್ಕು ಸಲ ರೀಸ್ಟಾರ್ಟ್ ಮಾಡಿದಾಗ ಪ್ರೊಫೈಲ್ ಸರಿಯಾಗಿ ತೆರೆದುಕೊಳ್ಳುವುದೂ ಉಂಟು. ಆಂಟಿವೈರಸ್ ಪ್ರೊಫೈಲಿನ ಫೈಲನ್ನು ಹಿಡಿದಿಟ್ಟುಕೊಂಡಿದ್ದರೆ ಹೀಗಾಗುತ್ತದೆ.

ಆಮೇಲೆ ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ವ್ಯೂ → 'ಶೋ ಡೆಸ್ಕ್‌ಟಾಪ್ ಐಕಾನ್ಸ್' ಮುಂದೆ ಟಿಕ್ ಇದೆಯೇ ನೋಡಿ. ಟಿಕ್ ಹಾಕಿದ ತಕ್ಷಣ ಎಲ್ಲವೂ ಬಂದರೆ ಅಲ್ಲಿಗೆ ಮುಗಿಯಿತು. ದಿಸ್ ಪಿಸಿ, ರಿಸೈಕಲ್ ಬಿನ್ ಮಾತ್ರ ಇಲ್ಲದಿದ್ದರೆ ಸೆಟ್ಟಿಂಗ್ಸ್ → ಪರ್ಸನಲೈಸೇಷನ್ → ಥೀಮ್ಸ್ → 'ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್'ನಲ್ಲಿ ಟಿಕ್ ಹಾಕಿ.

ಎರಡನೇ ಮಾನಿಟರ್ ಜೋಡಿಸಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ, 'ಪಿಸಿ ಸ್ಕ್ರೀನ್ ಓನ್ಲಿ' ಆರಿಸಿ. ಆಫ್ ಆಗಿರುವ ಪರದೆಯ ಮೇಲೆ ಐಕಾನ್‌ಗಳು ಉಳಿದುಕೊಂಡಿರಬಹುದು.

ಹಂತ 2: ಎಲ್ಲಿದ್ದೀರಿ ಎಂದು ಪತ್ತೆ ಮಾಡಿ

ಈ ಹಂತವನ್ನು ಯಾರೂ ಬಿಡಬಾರದು. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ, ನ್ಯೂ → ಟೆಕ್ಸ್ಟ್ ಡಾಕ್ಯುಮೆಂಟ್ ಆರಿಸಿ, 'ಪರೀಕ್ಷೆ' ಎಂಬ ಹೆಸರಿನ ಖಾಲಿ ಫೈಲ್ ಮಾಡಿ. ಕನ್ನಡ ಕೀಬೋರ್ಡ್ ಹೋಗಿದ್ದರೆ ಯಾವ ಹೆಸರಾದರೂ ಆಗುತ್ತದೆ. ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. 'ಲೊಕೇಷನ್' ಎಂಬ ಸಾಲಿನಲ್ಲಿ ವಿಳಾಸ ಇರುತ್ತದೆ. ಅದನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಓದಿ: ಸಿ ಡ್ರೈವ್, ಯೂಸರ್ಸ್, ಅದಾದ ಮೇಲೆ ಒಂದು ಹೆಸರು. ನಮಗೆ ಬೇಕಾದದ್ದು ಆ ಹೆಸರು ಮತ್ತು ಅದರ ಮುಂದಿನ ಭಾಗ.

- ನಿಮ್ಮ ಹೆಸರು, ನೇರವಾಗಿ ಡೆಸ್ಕ್‌ಟಾಪ್: ಜಾಗ ಸರಿಯಾಗಿದೆ. ಫೈಲ್ ಇದ್ದು ಸೆಟ್ಟಿಂಗ್ ಮಾತ್ರ ಹೋಗಿದ್ದರೆ ಹಂತ 6ಕ್ಕೆ ಹೋಗಿ. ಫೈಲ್‌ಗಳೂ ಇಲ್ಲದಿದ್ದರೆ ಹಂತ 3 ಓದಿ.
- ನಿಮ್ಮ ಹೆಸರು, ಒನ್‌ಡ್ರೈವ್, ಆಮೇಲೆ ಡೆಸ್ಕ್‌ಟಾಪ್: ಹಂತ 3.
- ನಿಮ್ಮ ಹೆಸರಿನ ಜಾಗದಲ್ಲಿ 'ಟೆಂಪ್': ಹಂತ 4.
- ನಿಮ್ಮ ಹೆಸರಾದ ಮೇಲೆ ಒಂದು ಚುಕ್ಕಿ, ಆಮೇಲೆ ಮೂರು ಸೊನ್ನೆ ಅಥವಾ ಕಂಪ್ಯೂಟರಿನ ಹೆಸರು. ಇಲ್ಲವೇ ನಿಮಗೆ ಪರಿಚಯವಿಲ್ಲದ ಮೊಟಕು ಹೆಸರು: ಹಂತ 5.

ವಿಳಾಸ ನೋಡಿದ ಮೇಲೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಸಿ ಡ್ರೈವ್ → ಯೂಸರ್ಸ್ ತೆರೆದು, ಅಲ್ಲಿ ಎಷ್ಟು ಫೋಲ್ಡರ್‌ಗಳಿವೆ ಎಂದೂ ನೋಡಿ. ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನದೊಂದು, 'ಪಬ್ಲಿಕ್' ಒಂದು ಇದ್ದರೆ ಸಹಜ. ಅದಕ್ಕಿಂತ ಹೆಚ್ಚಿದ್ದರೆ ಕಳೆದದ್ದು ಅಲ್ಲೇ ಸಿಗುವ ಸಾಧ್ಯತೆ ತುಂಬ ಹೆಚ್ಚು.

ಪಬ್ಲಿಕ್ ಫೋಲ್ಡರ್ ಬಗ್ಗೆ ಒಂದು ಮಾತು, ಏಕೆಂದರೆ ಅದೇ ಹಲವರ ದಾರಿ ತಪ್ಪಿಸುತ್ತದೆ. ಎಲ್ಲ ಬಳಕೆದಾರರಿಗೂ ಕಾಣಬೇಕಾದ ಶಾರ್ಟ್‌ಕಟ್‌ಗಳು ಪಬ್ಲಿಕ್ ಒಳಗಿನ ಡೆಸ್ಕ್‌ಟಾಪ್‌ನಲ್ಲಿ ಇರುತ್ತವೆ. ನೀವು ನೋಡುವ ಡೆಸ್ಕ್‌ಟಾಪ್ ಎಂದರೆ ಅದೂ ನಿಮ್ಮ ಸ್ವಂತದ ಡೆಸ್ಕ್‌ಟಾಪೂ ಸೇರಿದ ನೋಟ. ಆದ್ದರಿಂದ ಬೇರೆ ಪ್ರೊಫೈಲ್‌ನಲ್ಲಿ ತೆರೆದುಕೊಂಡಾಗಲೂ ಬ್ರೌಸರ್, ಪ್ರಿಂಟರ್ ಸಾಫ್ಟ್‌ವೇರಿನ ಐಕಾನ್‌ಗಳು ಕಾಣುತ್ತವೆ; ನಿಮ್ಮ ಎಕ್ಸೆಲ್ ಫೈಲ್, ಫೋಟೋಗಳು ಮಾತ್ರ ಕಾಣುವುದಿಲ್ಲ. 'ಐಕಾನ್ ಇವೆ, ಫೈಲ್ ಮಾತ್ರ ಇಲ್ಲ, ಅಂದರೆ ಅಪ್‌ಗ್ರೇಡ್ ಫೈಲ್ ಅಳಿಸಿದೆ' ಎಂದು ತೀರ್ಮಾನಿಸಬೇಡಿ.

ಹಂತ 3: ಒನ್‌ಡ್ರೈವ್ ಡೆಸ್ಕ್‌ಟಾಪನ್ನು ಎತ್ತಿಕೊಂಡಿದ್ದರೆ

ಒನ್‌ಡ್ರೈವ್ ಎಂದರೆ ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹ. ಉಚಿತವಾಗಿ 5 ಜಿಬಿ. ಇದರ 'ಬ್ಯಾಕಪ್' ಆನ್ ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಒನ್‌ಡ್ರೈವ್ ಫೋಲ್ಡರಿನ ಒಳಕ್ಕೆ ಸ್ಥಳಾಂತರವಾಗುತ್ತವೆ. ಬ್ಯಾಕಪ್ ಎಂಬ ಹೆಸರು ನೋಡಿ ಒಂದು ಪ್ರತಿ ಅಲ್ಲಿ, ಒಂದು ಇಲ್ಲಿ ಎಂದು ಭಾವಿಸುವವರೇ ಹೆಚ್ಚು. ಹಾಗಲ್ಲ. ಫೋಲ್ಡರೇ ಹೋಗುತ್ತದೆ. ಇರುವುದು ಒಂದೇ ಪ್ರತಿ, ಅದು ಆನ್‌ಲೈನ್‌ಗೆ ಸಿಂಕ್ ಆಗುತ್ತಿರುತ್ತದೆ. ಹೊಸ ವಿಂಡೋಸ್‌ಗೆ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗುವಾಗ ಗಮನಿಸದೆ ಮುಂದೆ ಒತ್ತಿದರೆ ಇದು ಆನ್ ಆಗಿಬಿಡಬಹುದು.

ಈಗ ಹೀಗೆ ಮಾಡಿ:

1. ಯೂಸರ್ಸ್ ಒಳಗಿನ ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಎರಡು ಡೆಸ್ಕ್‌ಟಾಪ್‌ಗಳನ್ನೂ ನೋಡಿ: ನೇರವಾಗಿ ಒಳಗಿರುವುದು ಒಂದು, ಒನ್‌ಡ್ರೈವ್ ಫೋಲ್ಡರಿನ ಒಳಗಿರುವುದು ಇನ್ನೊಂದು. ಫೈಲ್‌ಗಳು ಎರಡರಲ್ಲೊಂದರಲ್ಲಿ ಇರಬೇಕು.
2. ಎರಡರಲ್ಲೂ ಇರುವುದನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕಿನ ಎರಡು ಬೇರೆ ಬೇರೆ ಫೋಲ್ಡರ್‌ಗಳಿಗೆ ಕಾಪಿ ಮಾಡಿ. ಕಟ್ ಮಾಡಬೇಡಿ. ಫೈಲ್ ಪಕ್ಕದಲ್ಲಿ ಮೋಡದ ಗುರುತು ಇದ್ದರೆ ಅದು ಇನ್ನೂ ಆನ್‌ಲೈನ್‌ನಲ್ಲೇ ಇದೆ, ಡಿಸ್ಕಿಗೆ ಇಳಿದಿಲ್ಲ. ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಆರಿಸಿ, ಹಸಿರು ಟಿಕ್ ಬರುವ ತನಕ ಕಾಯಿರಿ.
3. ಗಡಿಯಾರದ ಪಕ್ಕದ ಮೋಡದ ಐಕಾನ್ ಒತ್ತಿ, ಗಿಯರ್ ಗುರುತು → ಸೆಟ್ಟಿಂಗ್ಸ್ → ಸಿಂಕ್ ಅಂಡ್ ಬ್ಯಾಕಪ್ → ಮ್ಯಾನೇಜ್ ಬ್ಯಾಕಪ್‌ಗೆ ಹೋಗಿ, ಡೆಸ್ಕ್‌ಟಾಪ್ ಮುಂದಿನ ಸ್ವಿಚ್ ಆಫ್ ಮಾಡಿ.
4. ಆಫ್ ಮಾಡಿದ ಕೂಡಲೇ ಡೆಸ್ಕ್‌ಟಾಪ್ ಖಾಲಿಯಾಗಿ, 'ವೇರ್ ಆರ್ ಮೈ ಫೈಲ್ಸ್' ಎಂಬ ಒಂದು ಶಾರ್ಟ್‌ಕಟ್ ಮಾತ್ರ ಉಳಿದರೆ ಹೆದರಬೇಡಿ. ಫೈಲ್‌ಗಳು ಒನ್‌ಡ್ರೈವ್ ಒಳಗಿನ ಡೆಸ್ಕ್‌ಟಾಪ್‌ನಲ್ಲಿವೆ. ಅಲ್ಲಿಂದ ಈಚೆಗೆ ಕಾಪಿ ಮಾಡಿಕೊಳ್ಳಿ. ಒನ್‌ಡ್ರೈವ್‌ನ ಹೊಸ ಆವೃತ್ತಿಗಳು ಫೈಲ್ ಎಲ್ಲಿಡಬೇಕೆಂದು ಕೇಳಿದರೆ ಕಂಪ್ಯೂಟರಿನಲ್ಲೇ ಎಂದು ಆರಿಸಿ.

ಇಲ್ಲಿ ಆಗುವ ದೊಡ್ಡ ಅನಾಹುತ ಒಂದೇ. 'ಕಂಪ್ಯೂಟರಿನಲ್ಲಿ ಇದೆಯಲ್ಲ, ಆನ್‌ಲೈನ್‌ನಲ್ಲಿ ಯಾಕೆ' ಎಂದು ಬ್ರೌಸರ್‌ನಲ್ಲಿ ಒನ್‌ಡ್ರೈವ್ ತೆರೆದು ಅಳಿಸಿದರೆ ಕಂಪ್ಯೂಟರಿನಲ್ಲೂ ಅಳಿಸಿಹೋಗುತ್ತದೆ. ಈಗಾಗಲೇ ಹಾಗೆ ಮಾಡಿಬಿಟ್ಟಿದ್ದರೆ ಒನ್‌ಡ್ರೈವ್ ವೆಬ್‌ಸೈಟಿನ ರಿಸೈಕಲ್ ಬಿನ್ ನೋಡಿ. ವೈಯಕ್ತಿಕ ಅಕೌಂಟ್ ಆದರೆ ಅಲ್ಲಿ 30 ದಿನ ಇರುತ್ತದೆ.

ಒಂದೇ ಅಕೌಂಟನ್ನು ಮನೆಯ ಮತ್ತು ಅಂಗಡಿಯ ಎರಡು ಕಂಪ್ಯೂಟರಿನಲ್ಲಿ ಬಳಸುವವರಿಗೆ ಇನ್ನೊಂದು ಗೊಂದಲ ಎದುರಾಗುತ್ತದೆ: ಎರಡರ ಡೆಸ್ಕ್‌ಟಾಪ್ ಬೆರೆತುಹೋಗುತ್ತವೆ. ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರಿನ ಶಾರ್ಟ್‌ಕಟ್ ಮನೆಯ ಪರದೆಯ ಮೇಲೆ ಬಿಳಿ ಹಾಳೆಯ ಚಿತ್ರವಾಗಿ ಕೂತಿರುತ್ತದೆ, ಒತ್ತಿದರೆ ತೆರೆಯುವುದಿಲ್ಲ. ಶಾರ್ಟ್‌ಕಟ್ ಎಂದರೆ ಪ್ರೋಗ್ರಾಂ ಇರುವ ಜಾಗದ ವಿಳಾಸ ಅಷ್ಟೆ. ಆ ಪ್ರೋಗ್ರಾಂ ಈ ಕಂಪ್ಯೂಟರಿನಲ್ಲಿ ಇಲ್ಲ. ಇಂಥವರು ಡೆಸ್ಕ್‌ಟಾಪ್ ಬ್ಯಾಕಪ್ ಆಫ್ ಇಡುವುದೇ ಒಳ್ಳೆಯದು.

ಎರಡು ಡೆಸ್ಕ್‌ಟಾಪ್‌ಗಳ ಬಗ್ಗೆ ಇಷ್ಟು ಎಚ್ಚರಿಸುವುದಕ್ಕೆ ಕಾರಣವಿದೆ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿ, ಫೋಲ್ಡರ್‌ಗಳನ್ನು ಬೇರೆ ಕಡೆಗೆ ತಿರುಗಿಸಿಟ್ಟುಕೊಂಡಿದ್ದ ಕೆಲವರ ಹಳೆಯ ಜಾಗದ ಫೋಲ್ಡರನ್ನು ಅದರಲ್ಲಿ ಉಳಿದಿದ್ದ ಫೈಲ್‌ಗಳ ಸಮೇತ ಅಳಿಸಿತು. ಮೈಕ್ರೋಸಾಫ್ಟ್ ಆ ಅಪ್‌ಡೇಟನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಿ, ದೋಷ ಸರಿಪಡಿಸಿ ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಿತು. ಫೈಲ್‌ಗಳು ಎರಡು ಕಡೆ ಹರಡಿಕೊಂಡಿರುವಾಗ ಯಾವ ಅಪ್‌ಗ್ರೇಡಿಗೂ ಕೈ ಹಾಕಬಾರದು.

ಹಂತ 4: 'ಟೆಂಪ್' ಎಂದು ಬಂದಿದ್ದರೆ

ಪ್ರೊಫೈಲ್ ಎಂದರೆ ನಿಮ್ಮ ಫೈಲ್‌ಗಳು ಮತ್ತು ಸೆಟ್ಟಿಂಗ್‌ಗಳ ಇಡೀ ಗಂಟು. ಸೆಟ್ಟಿಂಗ್‌ಗಳೆಲ್ಲ 'ಎನ್‌ಟಿಯೂಸರ್ ಡಾಟ್ ಡ್ಯಾಟ್' ಎಂಬ ಒಂದು ಅಡಗಿದ ಫೈಲಿನಲ್ಲಿ ಇರುತ್ತವೆ. ಲಾಗಿನ್ ಸಮಯದಲ್ಲಿ ಈ ಫೈಲ್ ತೆರೆಯಲು ಆಗದಿದ್ದರೆ ವಿಂಡೋಸ್ ಒಂದು ತಾತ್ಕಾಲಿಕ ಪ್ರೊಫೈಲ್ ಮಾಡಿ ಅದರೊಳಕ್ಕೆ ನಿಮ್ಮನ್ನು ಬಿಡುತ್ತದೆ. ಹೆಸರು ನಿಮ್ಮದೇ, ಪಾಸ್‌ವರ್ಡ್ ನಿಮ್ಮದೇ, ಡೆಸ್ಕ್‌ಟಾಪ್ ಮಾತ್ರ ಹೊಸದು. ಸೈನ್ ಔಟ್ ಆದ ಕ್ಷಣ ಆ ಪ್ರೊಫೈಲಿನಲ್ಲಿ ಇಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಖಾಲಿ ಡೆಸ್ಕ್‌ಟಾಪ್ ಮೇಲೆ ಏನೂ ಉಳಿಸಬೇಡಿ ಎಂದದ್ದು ಇದಕ್ಕೇ. ಈಗಾಗಲೇ ಏನಾದರೂ ಉಳಿಸಿದ್ದರೆ ಸೈನ್ ಔಟ್ ಆಗುವ ಮುನ್ನ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

2020ರ ಫೆಬ್ರವರಿಯಲ್ಲಿ ಬಂದ ಕೆಬಿ4532693 ಎಂಬ ಅಪ್‌ಡೇಟ್ ಹಲವರನ್ನು ಹೀಗೇ ತಾತ್ಕಾಲಿಕ ಪ್ರೊಫೈಲಿಗೆ ತಳ್ಳಿತ್ತು. ಅವರ ಫೈಲ್‌ಗಳು ಯೂಸರ್ಸ್ ಒಳಗೆ ಹೆಸರು ಬದಲಾದ ಫೋಲ್ಡರಿನಲ್ಲಿ ಇದ್ದವು.

ಖಚಿತಪಡಿಸಿಕೊಳ್ಳಲು ಸ್ಟಾರ್ಟ್‌ನಲ್ಲಿ ಈವೆಂಟ್ ವ್ಯೂವರ್ ಹುಡುಕಿ, ವಿಂಡೋಸ್ ಲಾಗ್ಸ್ → ಅಪ್ಲಿಕೇಷನ್ ನೋಡಿ. ಲಾಗಿನ್ ಆದ ಹೊತ್ತಿನಲ್ಲಿ 1511 ಅಥವಾ 1515 ಸಂಖ್ಯೆಯ ದಾಖಲೆ ಇದ್ದರೆ ಇದೇ ರೋಗ.

ರಿಪೇರಿ ರಿಜಿಸ್ಟ್ರಿಯಲ್ಲಿದೆ. ರಿಜಿಸ್ಟ್ರಿ ಎಂದರೆ ವಿಂಡೋಸ್ ತನ್ನ ಎಲ್ಲ ಸೆಟ್ಟಿಂಗ್‌ಗಳನ್ನು ಬರೆದಿಡುವ ದಫ್ತರ. ಅಲ್ಲಿ ತಪ್ಪಾದರೆ ಕಂಪ್ಯೂಟರ್ ಏಳದೆ ಹೋಗಬಹುದು, ಆದ್ದರಿಂದ ಮೊದಲ ಎರಡು ಅಂಶಗಳನ್ನು ಬಿಡಬೇಡಿ.

1. ಯೂಸರ್ಸ್ ಒಳಗಿನ ನಿಮ್ಮ ನಿಜವಾದ ಫೋಲ್ಡರನ್ನು ತೆರೆದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಅನುಮತಿ ಇಲ್ಲ ಎಂದರೆ 'ಕಂಟಿನ್ಯೂ' ಒತ್ತಿ.
2. ಸ್ಟಾರ್ಟ್‌ನಲ್ಲಿ ರಿಜಿಸ್ಟ್ರಿ ಎಡಿಟರ್ ಹುಡುಕಿ, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎಚ್‌ಕೀ ಲೋಕಲ್ ಮೆಷಿನ್ → ಸಾಫ್ಟ್‌ವೇರ್ → ಮೈಕ್ರೋಸಾಫ್ಟ್ → ವಿಂಡೋಸ್ ಎನ್‌ಟಿ → ಕರೆಂಟ್‌ವರ್ಷನ್ → ಪ್ರೊಫೈಲ್‌ಲಿಸ್ಟ್‌ಗೆ ಹೋಗಿ. 'ವಿಂಡೋಸ್' ಬೇರೆ, 'ವಿಂಡೋಸ್ ಎನ್‌ಟಿ' ಬೇರೆ, ಎರಡನೆಯದನ್ನೇ ತೆರೆಯಿರಿ. ಪ್ರೊಫೈಲ್‌ಲಿಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಆರಿಸಿ, ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಡಿ.
3. ಅದರ ಕೆಳಗೆ ಎಸ್-1-5-21 ಎಂದು ಶುರುವಾಗುವ ಉದ್ದನೆಯ ಹೆಸರುಗಳಿರುತ್ತವೆ. ಒಂದೊಂದೂ ಒಬ್ಬ ಬಳಕೆದಾರರದ್ದು. ಒಂದೊಂದನ್ನೂ ಒತ್ತಿ, ಬಲಗಡೆ 'ಪ್ರೊಫೈಲ್‌ಇಮೇಜ್‌ಪಾತ್' ಎಂಬ ಸಾಲಿನಲ್ಲಿ ನಿಮ್ಮ ಫೋಲ್ಡರಿನ ಹೆಸರು ಯಾವುದರಲ್ಲಿದೆ ನೋಡಿ.
4. ಒಂದೇ ಸಂಖ್ಯೆ ಎರಡು ಸಲ ಇದ್ದು, ಒಂದರ ಕೊನೆಗೆ 'ಡಾಟ್ ಬಿಎಕೆ' ಇದ್ದರೆ, ಬಿಎಕೆ ಇರುವುದು ನಿಮ್ಮದು, ಇಲ್ಲದ್ದು ತಾತ್ಕಾಲಿಕದ್ದು. ಮೊದಲು ಬಿಎಕೆ ಇಲ್ಲದ್ದನ್ನು ರೀನೇಮ್ ಮಾಡಿ ಕೊನೆಗೆ 'ಡಾಟ್ ಓಲ್ಡ್' ಸೇರಿಸಿ. ಆಮೇಲೆ ನಿಮ್ಮದರ ಕೊನೆಯ ಡಾಟ್ ಬಿಎಕೆ ತೆಗೆಯಿರಿ. ಕ್ರಮ ತಿರುಗಿಸಿದರೆ ಅದೇ ಹೆಸರು ಈಗಾಗಲೇ ಇದೆ ಎಂದು ವಿಂಡೋಸ್ ಒಪ್ಪುವುದಿಲ್ಲ. ಬಿಎಕೆ ಇರುವುದು ಒಂದೇ ಇದ್ದರೆ ಆ ಬಾಲವನ್ನು ತೆಗೆದರೆ ಸಾಕು.
5. ಬಲಗಡೆ 'ಸ್ಟೇಟ್' ಎಂಬುದನ್ನು ಎರಡು ಸಲ ಒತ್ತಿ ಬೆಲೆಯನ್ನು 0 ಮಾಡಿ. 'ರೆಫ್‌ಕೌಂಟ್' ಇದ್ದರೆ ಅದನ್ನೂ 0 ಮಾಡಿ. ಇಲ್ಲದಿದ್ದರೆ ಹೊಸದಾಗಿ ಸೇರಿಸಬೇಕಿಲ್ಲ.
6. ರೀಸ್ಟಾರ್ಟ್ ಮಾಡಿ.

ಹಳೆಯ ವಾಲ್‌ಪೇಪರ್ ಸಮೇತ ಎಲ್ಲವೂ ಬಂದರೆ ಸರಿಯಾಯಿತು. ಬಿಎಕೆ ಮತ್ತೆ ಹುಟ್ಟಿಕೊಂಡರೆ ಎನ್‌ಟಿಯೂಸರ್ ಫೈಲೇ ಕೆಟ್ಟಿದೆ ಎಂದರ್ಥ. ಸಿ ಡ್ರೈವ್ ತುಂಬಿ ತುಳುಕುತ್ತಿದ್ದಾಗ ಅಪ್‌ಗ್ರೇಡ್ ಮಾಡಿದ್ದು ಅಥವಾ ಡಿಸ್ಕೇ ಕೆಡುತ್ತಿರುವುದು ಕಾರಣವಿರಬಹುದು. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ → ಪ್ರಾಪರ್ಟೀಸ್ → ಟೂಲ್ಸ್ → 'ಚೆಕ್' ಒತ್ತಿ ಡಿಸ್ಕ್ ಪರೀಕ್ಷಿಸಿ, ಮುಂದಿನ ಹಂತಕ್ಕೆ ಹೋಗಿ.

ಹಂತ 5: ಪ್ರೊಫೈಲ್ ಬೇರೆಯಾಗಿದ್ದರೆ, ಅಥವಾ ಹಳೆಯದು ರಿಪೇರಿ ಆಗದಿದ್ದರೆ

ಮೊದಲು ಸುಲಭದ್ದನ್ನು ನೋಡಿ. ಹಿಂದೆ ಲೋಕಲ್ ಅಕೌಂಟ್ (ಇಮೇಲ್ ಇಲ್ಲದೆ ಈ ಕಂಪ್ಯೂಟರಿಗಷ್ಟೇ ಸೇರಿದ್ದು) ಇದ್ದು ಈಗ ಇಮೇಲ್ ಹಾಕಿ ಹೊಸ ಮೈಕ್ರೋಸಾಫ್ಟ್ ಅಕೌಂಟ್ ಸೇರಿಸಿದ್ದರೆ ವಿಂಡೋಸ್ ಹೊಸ ಫೋಲ್ಡರ್ ಮಾಡುತ್ತದೆ. ಆ ಫೋಲ್ಡರಿನ ಹೆಸರು ಸಾಮಾನ್ಯವಾಗಿ ಇಮೇಲ್ ವಿಳಾಸದ ಮೊದಲ ಐದು ಅಕ್ಷರ. ಮೊಟಕು ಹೆಸರಿನ ಗುಟ್ಟು ಇದೇ. ಲಾಗಿನ್ ಪರದೆಯ ಎಡ ಕೆಳಮೂಲೆಯಲ್ಲಿ ಹಳೆಯ ಹೆಸರು ಕಂಡರೆ ಅದನ್ನೇ ಆರಿಸಿ ಒಳಗೆ ಹೋಗಿ. ಎಲ್ಲವೂ ಇದ್ದಲ್ಲೇ ಇರುತ್ತದೆ.

ಹಳೆಯ ಪ್ರೊಫೈಲ್ ಕೆಟ್ಟಿದ್ದರೆ ಹೊಸ ಅಕೌಂಟ್ ಮಾಡಿ ಸಾಮಾನು ಸಾಗಿಸಬೇಕು. ಸೆಟ್ಟಿಂಗ್ಸ್ → ಅಕೌಂಟ್ಸ್ → ಅದರ್ ಯೂಸರ್ಸ್ → ಆಡ್ ಅಕೌಂಟ್. ಇಮೇಲ್ ಕೇಳಿದಾಗ ಆ ವ್ಯಕ್ತಿಯ ಸೈನ್ ಇನ್ ಮಾಹಿತಿ ಇಲ್ಲ ಎಂಬುದನ್ನೂ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಬಳಕೆದಾರ ಎಂಬುದನ್ನೂ ಆರಿಸಿ. 'ಚೇಂಜ್ ಅಕೌಂಟ್ ಟೈಪ್' ಒತ್ತಿ ಅಡ್ಮಿನಿಸ್ಟ್ರೇಟರ್ ಮಾಡಿ, ಆ ಅಕೌಂಟಿಗೆ ಲಾಗಿನ್ ಆಗಿ. ನಂತರ ಹಳೆಯ ಫೋಲ್ಡರಿನಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮೊದಲಾದವುಗಳ ಒಳಗಿನ ಫೈಲ್‌ಗಳನ್ನು ಹೊಸದರ ಅದೇ ಹೆಸರಿನ ಫೋಲ್ಡರ್‌ಗಳಿಗೆ ಕಾಪಿ ಮಾಡಿ.

ಎನ್‌ಟಿಯೂಸರ್ ಎಂದು ಶುರುವಾಗುವ ಯಾವ ಫೈಲನ್ನೂ ತರಬೇಡಿ. ತಂದರೆ ರೋಗವೂ ಜೊತೆಗೆ ಬರುತ್ತದೆ. ಪ್ರೋಗ್ರಾಂಗಳು ತಮ್ಮ ಮಾಹಿತಿ ಇಡುವ ಆಪ್‌ಡೇಟಾ ಫೋಲ್ಡರನ್ನು ಇಡಿಯಾಗಿ ತರುವುದೂ ಬೇಡ. ಅದರೊಳಗಿಂದ ಆರಿಸಿ ತರಬೇಕಾದ ಎರಡು ವಸ್ತುಗಳನ್ನು ಹೇಳುತ್ತೇನೆ. ಅಡಗಿದ ಫೈಲ್ ಕಾಣಲು ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ → ಶೋ → ಹಿಡನ್ ಐಟಮ್ಸ್ ಆನ್ ಮಾಡಿಕೊಳ್ಳಿ.

ಒಂದು, ಸ್ಟಿಕಿ ನೋಟ್ಸ್. ಹಳದಿ ಚೀಟಿಗಳಲ್ಲಿ ಫೋನ್ ನಂಬರು, ಲೆಕ್ಕ ಬರೆದಿಟ್ಟವರು ಬಹಳ ಜನ. ಆಪ್‌ಡೇಟಾ → ಲೋಕಲ್ → ಪ್ಯಾಕೇಜಸ್ ಒಳಗೆ ಹೆಸರಿನಲ್ಲಿ 'ಸ್ಟಿಕಿನೋಟ್ಸ್' ಇರುವ ಫೋಲ್ಡರ್, ಅದರ ಲೋಕಲ್‌ಸ್ಟೇಟ್ ಒಳಗೆ 'ಪ್ಲಮ್' ಹೆಸರಿನ ಫೈಲ್‌ಗಳು: ಎಲ್ಲ ಚೀಟಿಗಳೂ ಅವುಗಳಲ್ಲಿವೆ. ಹೊಸ ಅಕೌಂಟಿನಲ್ಲಿ ಸ್ಟಿಕಿ ನೋಟ್ಸ್ ಒಮ್ಮೆ ತೆರೆದು ಮುಚ್ಚಿ, ನಂತರ ಅದೇ ಜಾಗಕ್ಕೆ ಪ್ಲಮ್ ಹೆಸರಿನ ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಹಾಕಿ.

ಎರಡು, ಕ್ರೋಮ್ ಬುಕ್‌ಮಾರ್ಕ್. ಆಪ್‌ಡೇಟಾ → ಲೋಕಲ್ → ಗೂಗಲ್ → ಕ್ರೋಮ್ → ಯೂಸರ್ ಡೇಟಾ → ಡಿಫಾಲ್ಟ್ ಒಳಗಿನ 'ಬುಕ್‌ಮಾರ್ಕ್ಸ್' ಎಂಬ ಫೈಲ್. ಉಳಿಸಿದ ಪಾಸ್‌ವರ್ಡ್‌ಗಳು ಹೀಗೆ ಬರುವುದಿಲ್ಲ. ಅವು ಹಳೆಯ ವಿಂಡೋಸ್ ಅಕೌಂಟಿನ ಕೀಲಿಯಿಂದ ಎನ್‌ಕ್ರಿಪ್ಟ್ ಆಗಿರುತ್ತವೆ. ಗೂಗಲ್ ಅಕೌಂಟಿಗೆ ಸಿಂಕ್ ಮಾಡಿದ್ದರೆ ಲಾಗಿನ್ ಆದಾಗ ಬರುತ್ತವೆ.

ಹಂತ 6: ಫೈಲ್‌ಗಳಿವೆ, ಸೆಟ್ಟಿಂಗ್ ಮಾತ್ರ ಇಲ್ಲ

ವಾಲ್‌ಪೇಪರ್ ಆಗಿದ್ದ ಮಗುವಿನ ಫೋಟೋ ಬೇರೆಲ್ಲೂ ಸಿಗುತ್ತಿಲ್ಲವೇ? ವಿಂಡೋಸ್ ಅದರ ಒಂದು ಪ್ರತಿ ಇಟ್ಟುಕೊಂಡಿರುತ್ತದೆ. ನಿಮ್ಮ ಹಳೆಯ ಪ್ರೊಫೈಲ್ ಫೋಲ್ಡರಿನಲ್ಲಿ ಆಪ್‌ಡೇಟಾ → ರೋಮಿಂಗ್ → ಮೈಕ್ರೋಸಾಫ್ಟ್ → ವಿಂಡೋಸ್ → ಥೀಮ್ಸ್ ತೆರೆಯಿರಿ. 'ಟ್ರಾನ್ಸ್‌ಕೋಡೆಡ್ ವಾಲ್‌ಪೇಪರ್' ಎಂಬ, ಬಾಲವಿಲ್ಲದ ಫೈಲ್ ಇರುತ್ತದೆ. ಅದನ್ನು ಬೇರೆಡೆ ಕಾಪಿ ಮಾಡಿ, ಹೆಸರಿನ ಕೊನೆಗೆ ಡಾಟ್ ಜೆಪಿಜಿ ಸೇರಿಸಿದರೆ ಫೋಟೋ ತೆರೆದುಕೊಳ್ಳುತ್ತದೆ. ಹೊಸ ವಾಲ್‌ಪೇಪರ್ ಹಾಕುವ ಮುನ್ನ ಈ ಕೆಲಸ ಮಾಡಿ. ಹಾಕಿದ ಕೂಡಲೇ ಈ ಫೈಲ್ ಬದಲಾಗುತ್ತದೆ. ಪರ್ಸನಲೈಸೇಷನ್ ಪುಟವೇ ಮಸುಕಾಗಿದ್ದರೆ ಸೆಟ್ಟಿಂಗ್ಸ್ → ಸಿಸ್ಟಮ್ → ಆಕ್ಟಿವೇಷನ್ ನೋಡಿ. ಆಕ್ಟಿವೇಟ್ ಆಗದ ವಿಂಡೋಸ್ ಅದನ್ನು ಬದಲಿಸಲು ಬಿಡುವುದಿಲ್ಲ.

ಅಕ್ಷರ ದಪ್ಪವಾಗಿ, ಐಕಾನ್‌ಗಳೆಲ್ಲ ಎಡಕ್ಕೆ ಗುಂಪು ಸೇರಿದ್ದರೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಯನ್ನು ನಡೆಸುವ ಸಾಫ್ಟ್‌ವೇರ್, ಹೋಗಿರಬಹುದು. ಡಿವೈಸ್ ಮ್ಯಾನೇಜರ್‌ನ ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ವಿಂಡೋಸ್ ಅಪ್‌ಡೇಟ್ → ಅಡ್ವಾನ್ಸ್ಡ್ ಆಪ್ಷನ್ಸ್ → ಆಪ್ಷನಲ್ ಅಪ್‌ಡೇಟ್ಸ್‌ನಲ್ಲಿ ಅಥವಾ ಲ್ಯಾಪ್‌ಟಾಪ್ ತಯಾರಕರ ಸೈಟಿನಲ್ಲಿ ಗ್ರಾಫಿಕ್ಸ್ ಡ್ರೈವರ್ ಹುಡುಕಿ ಹಾಕಿ. ಐಕಾನ್ ಜೋಡಿಸುವುದು ಆಮೇಲೆ. ರೆಸಲ್ಯೂಷನ್ ಬದಲಾದರೆ ಜೋಡಿಸಿದ್ದೆಲ್ಲ ಮತ್ತೆ ಕದಡುತ್ತದೆ.

ಸ್ಟಾರ್ಟ್ ಬಟನ್ ಎಡಕ್ಕೆ ಬೇಕಿದ್ದರೆ ಪರ್ಸನಲೈಸೇಷನ್ → ಟಾಸ್ಕ್‌ಬಾರ್ → ಟಾಸ್ಕ್‌ಬಾರ್ ಬಿಹೇವಿಯರ್ಸ್‌ನಲ್ಲಿ ಅಲೈನ್‌ಮೆಂಟ್ ಬದಲಿಸಿ. ವಿಂಡೋಗಳ ಹೆಸರು ಬಿಡಿಬಿಡಿಯಾಗಿ ಕಾಣುವ ಆಯ್ಕೆಯೂ ಅಲ್ಲೇ ಇದೆ. 2023ರ 23ಎಚ್2 ಆವೃತ್ತಿಯಿಂದ ಈಚೆಗೆ ಮಾತ್ರ. ಸ್ಟಾರ್ಟ್ ಮೆನುವಿನ ಬಣ್ಣದ ಲೈವ್ ಟೈಲ್‌ಗಳು, ಅವುಗಳ ಗುಂಪು ಹುಡುಕಬೇಡಿ. ವಿಂಡೋಸ್ 11ರಲ್ಲಿ ಅವು ಇಲ್ಲ. ಪಿಡಿಎಫ್ ಎಲ್ಲ ಎಡ್ಜ್‌ನಲ್ಲಿ ತೆರೆಯುತ್ತಿದ್ದರೆ ಸೆಟ್ಟಿಂಗ್ಸ್ → ಆಪ್ಸ್ → ಡಿಫಾಲ್ಟ್ ಆಪ್ಸ್‌ನಲ್ಲಿ ಪಿಡಿಎಫ್ ಎಂದು ಹುಡುಕಿ ಬದಲಿಸಿ.

ಹಂತ 7: ಕನ್ನಡ

ಸೆಟ್ಟಿಂಗ್ಸ್ → ಟೈಮ್ ಅಂಡ್ ಲ್ಯಾಂಗ್ವೇಜ್ → ಲ್ಯಾಂಗ್ವೇಜ್ ಅಂಡ್ ರೀಜನ್. ಪಟ್ಟಿಯಲ್ಲಿ ಕನ್ನಡ ಇಲ್ಲದಿದ್ದರೆ ಸೇರಿಸಿ, ಆದರೆ ವಿಂಡೋಸ್ ಪೂರ್ತಿ ಕನ್ನಡಕ್ಕೆ ಬದಲಾಗುವುದು ಬೇಡವಾದರೆ ಡಿಸ್‌ಪ್ಲೇ ಲ್ಯಾಂಗ್ವೇಜ್ ಮಾಡುವ ಟಿಕ್ ತೆಗೆಯಿರಿ. ಕನ್ನಡದ ಮುಂದಿನ ಮೂರು ಚುಕ್ಕಿ → ಲ್ಯಾಂಗ್ವೇಜ್ ಆಪ್ಷನ್ಸ್ → ಆಡ್ ಎ ಕೀಬೋರ್ಡ್‌ನಲ್ಲಿ ಇನ್‌ಸ್ಕ್ರಿಪ್ಟ್ ಅಥವಾ ಕನ್ನಡ ಫೊನೆಟಿಕ್ ಆರಿಸಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಮುಂದಿನ ಲಾಗಿನ್‌ನಲ್ಲಿ ಪಾಸ್‌ವರ್ಡ್ ತಪ್ಪು ಎಂದು ಬಂದರೆ ಪರದೆಯ ಕೆಳಮೂಲೆಯ ಭಾಷೆಯ ಗುರುತು ನೋಡಿ. ಕೀಬೋರ್ಡ್ ಕನ್ನಡದಲ್ಲಿ ಇದ್ದಿರಬಹುದು.

ಯೂನಿಕೋಡ್ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಪದ್ಧತಿ) ಕಡತದಲ್ಲಿ ಅಕ್ಷರ ಕಾಣುತ್ತದೆ, ಆದರೆ ತುಂಗಾ ಫಾಂಟ್ ಮಾಯವಾಗಿ ಪುಟದ ಅಳತೆ ತಪ್ಪಿದೆ ಎಂದರೆ ಆಪ್ಷನಲ್ ಫೀಚರ್ಸ್‌ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿ. ತುಂಗಾ ಅದರೊಳಗಿದೆ.

ಹೆಚ್ಚು ಆತಂಕ ಹುಟ್ಟಿಸುವುದು 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಮಾಡಿದ ಹಳೆಯ ಕಡತಗಳು. ಪ್ರಶ್ನೆಪತ್ರಿಕೆಯನ್ನೋ ಕರಾರು ಪತ್ರವನ್ನೋ ತೆರೆದರೆ 'ಕನ್ನಡ' ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡಿನ ಚಿಹ್ನೆ ಸಾಲಾಗಿ ಕಾಣುತ್ತವೆ. ಕಡತ ಕೆಟ್ಟಿಲ್ಲ. ಯೂನಿಕೋಡ್ ಅಲ್ಲದ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ರೂಪಗಳನ್ನು ಇಟ್ಟುಕೊಂಡಿವೆ. ಫಾಂಟ್ ಇಲ್ಲವಾದಾಗ ಕೆಳಗಿನ ಅಕ್ಷರ ಹೊರಗೆ ಕಾಣುತ್ತದೆ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಬೇರೆ ಫಾಂಟ್ ಕೊಟ್ಟು ಸೇವ್ ಮಾಡಬೇಡಿ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿರುವ ಕಡತದಲ್ಲಿ ಯಾವುದು ಯಾವ ಭಾಷೆ ಎಂಬ ಗುರುತು ಫಾಂಟ್ ಹೆಸರಿನಲ್ಲಿ ಮಾತ್ರ ಇರುತ್ತದೆ. ಅದು ಒಮ್ಮೆ ಅಳಿಸಿದರೆ ಪದ ಪದ ನೋಡಿ ಸರಿಪಡಿಸಬೇಕು.

ಫಾಂಟ್ ಹೋದದ್ದೇಕೆ? 2018ರ ನಂತರದ ವಿಂಡೋಸ್‌ನಲ್ಲಿ ಫಾಂಟ್ ಹಾಕುವಾಗ ಬರೀ 'ಇನ್‌ಸ್ಟಾಲ್' ಒತ್ತಿದರೆ ಅದು ಆ ಬಳಕೆದಾರರ ಪ್ರೊಫೈಲಿಗೆ ಮಾತ್ರ ಸೇರುತ್ತದೆ. ಪ್ರೊಫೈಲ್ ಬದಲಾದಾಗ ಫಾಂಟೂ ಹಿಂದೆ ಉಳಿಯುತ್ತದೆ. ಹಳೆಯ ಪ್ರೊಫೈಲಿನ ಆಪ್‌ಡೇಟಾ → ಲೋಕಲ್ → ಮೈಕ್ರೋಸಾಫ್ಟ್ → ವಿಂಡೋಸ್ → ಫಾಂಟ್ಸ್ ನೋಡಿ. ಅಲ್ಲಿಲ್ಲದಿದ್ದರೆ ವಿಂಡೋಸ್ ಡಾಟ್ ಓಲ್ಡ್ ಒಳಗಿನ ವಿಂಡೋಸ್ → ಫಾಂಟ್ಸ್. ಬೇಕಾದ ಫಾಂಟ್‌ಗಳನ್ನು ಒಂದು ಫೋಲ್ಡರಿಗೆ ಕಾಪಿ ಮಾಡಿ, ರೈಟ್ ಕ್ಲಿಕ್ ಮಾಡಿ ಈ ಸಲ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿ. ವರ್ಡ್ ಮುಚ್ಚಿ ತೆರೆಯಿರಿ.

ಹಂತ 8: ಏನೂ ಫಲಿಸದಿದ್ದರೆ ಹಿಂದಕ್ಕೆ

ಅಪ್‌ಗ್ರೇಡ್ ಆಗಿ 10 ದಿನದೊಳಗಿದ್ದರೆ ಸೆಟ್ಟಿಂಗ್ಸ್ → ಸಿಸ್ಟಮ್ → ರಿಕವರಿ → 'ಗೋ ಬ್ಯಾಕ್' ಒತ್ತಿ ವಿಂಡೋಸ್ 10ಕ್ಕೆ ಮರಳಬಹುದು. ಅಪ್‌ಗ್ರೇಡ್ ನಂತರ ಹಾಕಿದ ಪ್ರೋಗ್ರಾಂಗಳು, ಬದಲಿಸಿದ ಸೆಟ್ಟಿಂಗ್‌ಗಳು ಹೋಗುತ್ತವೆ. ಫೈಲ್‌ಗಳು ಉಳಿಯುತ್ತವೆಂದು ವಿಂಡೋಸ್ ಹೇಳಿದರೂ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಪ್ರತಿ ಇಲ್ಲದೆ ಒತ್ತಬೇಡಿ. ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿರಲಿ. ಹಿಂದಕ್ಕೆ ಹೋದವರು ಇಎಸ್‌ಯು ಯೋಜನೆಗೆ, ಅಂದರೆ ಅವಧಿ ಮುಗಿದ ಮೇಲೂ ಭದ್ರತಾ ಅಪ್‌ಡೇಟ್ ಪಡೆಯುವ ವ್ಯವಸ್ಥೆಗೆ, ಹೆಸರು ನೋಂದಾಯಿಸಿ. ಮನೆಬಳಕೆಯವರಿಗೆ ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟವಾಗಿತ್ತು.

ವಿಂಡೋಸ್ 11ರಲ್ಲೇ ಉಳಿದು ಎಲ್ಲ ಸರಿಯಾಗಿದ್ದರೂ ವಿಂಡೋಸ್ ಡಾಟ್ ಓಲ್ಡ್ ಅನ್ನು ನೀವಾಗಿ ಅಳಿಸಲು ಅವಸರ ಮಾಡಬೇಡಿ. ಅದಕ್ಕೆ ಮುನ್ನ ಅಕೌಂಟಿಂಗ್ ಡೇಟಾ ತೆರೆದು ಕಳೆದ ತಿಂಗಳ ಒಂದು ವೋಚರ್ ನೋಡಿ, ನುಡಿಯ ಒಂದು ಕಡತ ಪ್ರಿಂಟ್ ತೆಗೆಯಿರಿ, ಔಟ್‌ಲುಕ್ ಬಳಸುವವರು ಡಾಕ್ಯುಮೆಂಟ್ಸ್ ಒಳಗಿನ ಔಟ್‌ಲುಕ್ ಫೈಲ್ಸ್ ಫೋಲ್ಡರಿನಲ್ಲಿ ಮೇಲ್‌ಗಳನ್ನು ಇಟ್ಟಿರುವ ಹಳೆಯ ಪಿಎಸ್‌ಟಿ ಫೈಲ್ ಇದೆಯೇ ನೋಡಿ, ಡಿಜಿಟಲ್ ಸಿಗ್ನೇಚರ್ ಟೋಕನ್ ಬಳಸುವವರು ಅದನ್ನು ಒಮ್ಮೆ ಸಿಕ್ಕಿಸಿ ಸಹಿ ಹಾಕಿ ಪರೀಕ್ಷಿಸಿ.